ಗಾಜಿನ ತೊಟ್ಟಿಗೊಂದು ಸೂಜಿ-ದಾರ

ಮಗನಿಗೆ ಪುಣೆಗೆ ವರ್ಗವಾದಾಗ ಅವನು ಸಾಗರದ ನಮ್ಮ ಮನೆಯಲ್ಲಿ ಬಿಟ್ಟುಹೋದದ್ದು ಮೂರೇ ವಸ್ತು: ಒಂದು ಕ್ರಿಕೆಟ್ ಬ್ಯಾಟು, ಒಂದು ಪೆಟ್ಟಿಗೆ ಪುಸ್ತಕ, ಎರಡಡಿ ಉದ್ದದ ಗಾಜಿನ ತೊಟ್ಟಿ. ತೊಟ್ಟಿಯಲ್ಲಿ ಬೆರಳುದ್ದದ ನೀಲಿ ಪ್ರಾಣಿಯೊಂದಿತ್ತು. ಅಂಗಡಿಯಲ್ಲಿ ಅದಕ್ಕೆ 'ಬ್ಲೂ ಲಾಬ್‌ಸ್ಟರ್' ಎಂದು ಹೆಸರಂತೆ. ಲಾಬ್‌ಸ್ಟರ್ ಕಡಲಿನದು, ಇದು ಸಿಹಿನೀರಿನ ಕ್ರೇಫಿಶ್. ಸಿಗಡಿಯ ಮೈಗೆ ಏಡಿಯ ಇಕ್ಕಳ ಜೋಡಿಸಿದಂತೆ ಇರುತ್ತದೆ. ಗದ್ದೆಯ ಬದುವಿನ ಏಡಿಯನ್ನು ನೋಡುತ್ತ ಬೆಳೆದ ನನಗೆ ಹೆದರಿಕೆಯೇನೂ ಆಗಲಿಲ್ಲ. ಆದರೆ ಈ ವಯಸ್ಸಿನಲ್ಲಿ ಇನ್ನೊಂದು ಜೀವದ ಊಟ-ತಿಂಡಿ ನೋಡಬೇಕಲ್ಲ ಎಂದು ಸ್ವಲ್ಪ ಸಿಟ್ಟು ಬಂತು.

ದಿನಾ ಫೋನಿನಲ್ಲಿ ಮಗನ ಪಾಠ. "ಅಮ್ಮಾ, ನಲ್ಲಿ ನೀರು ನೇರವಾಗಿ ಹಾಕಬೇಡ, ಕ್ಲೋರಿನ್ ಇರತ್ತೆ, ಒಂದು ದಿನ ಬಕೆಟ್ಟಿನಲ್ಲಿ ಬಿಟ್ಟಿರು. ಮುಚ್ಚಳ ಮರೀಬೇಡ, ಪೈಪು ಹಿಡಿದು ಹತ್ತಿ ಹೊರಗೆ ಬರತ್ತೆ. ಅಡಗೋದಕ್ಕೆ ಒಡೆದ ಹೂವಿನ ಕುಂಡದ ಚೂರು ಇಡು. ಜೊತೆಗೆ ಪುಟ್ಟ ಮೀನು ಬಿಟ್ಟರೆ ರಾತ್ರಿ ತಿಂದುಬಿಡತ್ತೆ." ಇಷ್ಟರಲ್ಲಿ ನಾನು ತಾಮ್ರದ ಚೊಂಬಿನಲ್ಲಿ ನೀರು ತುಂಬಿಸುತ್ತಿರುವುದು ಗೊತ್ತಾಗಿ ಅವನು ಕೂಗಿಯೇಬಿಟ್ಟ. ನಮಗೆ ಶ್ರೇಷ್ಠವಾದ ತಾಮ್ರ ಈ ಜಾತಿಯ ಪ್ರಾಣಿಗಳಿಗೆ ವಿಷ. ಚೊಂಬು ದೇವರ ಮನೆಗೆ ಹೋಯಿತು, ಪ್ಲಾಸ್ಟಿಕ್ ಜಗ್ಗು ತೊಟ್ಟಿಯ ಪಕ್ಕ ಬಂತು.

ಹೈಸ್ಕೂಲಿನಲ್ಲಿ ಇತಿಹಾಸ ಹೇಳುವವಳಿಗೆ ಒಂದು ಚಟ. ಯಾವ ವಸ್ತು ಕೈಗೆ ಬಂದರೂ ಇದನ್ನು ಮೊದಲು ಯಾರು ಮಾಡಿದರು ಎಂದು ಕೇಳಬೇಕು. ನೀರಿನ ಪ್ರಾಣಿಗಳನ್ನು ಗಾಜಿನ ತೊಟ್ಟಿಯಲ್ಲಿ ಸಾಕಿ ಅಭ್ಯಾಸ ಮಾಡುವ ಕ್ರಮವನ್ನು ಯಾರೋ ಪ್ರೊಫೆಸರ್ ಶುರುಮಾಡಿರಬೇಕು ಎಂದುಕೊಂಡಿದ್ದೆ. ಹುಡುಕಿದರೆ ಸಿಕ್ಕವಳು ಒಬ್ಬ ಹೊಲಿಗೆಯವಳು.

ಜಾನ್ ವಿಲ್‌ಪ್ರೋ ಎಂಬ ಹುಡುಗಿ 1794ರಲ್ಲಿ ಫ್ರಾನ್ಸಿನ ಜುಯಾಕ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿದಳು. ಹದಿನೆಂಟನೆಯ ವಯಸ್ಸಿನಲ್ಲಿ ನಾನೂರು ಕಿಲೋಮೀಟರಿಗೂ ದೂರದ ಪ್ಯಾರಿಸ್ಸಿಗೆ ಹೋಗಿ ಹೊಲಿಗೆ ಕೆಲಸಕ್ಕೆ ಸೇರಿದಳು. 1816ರಲ್ಲಿ ರಾಜಕುಮಾರಿ ಕ್ಯಾರೊಲಿನಳ ಮದುವೆಯ ಉಡುಪು ಹೊಲಿದು ಹೆಸರು ಮಾಡಿದಳು. ಜೇಮ್ಸ್ ಪವರ್ ಎಂಬ ವ್ಯಾಪಾರಿಯನ್ನು ಮದುವೆಯಾಗಿ 1818ರಲ್ಲಿ ಸಿಸಿಲಿಯ ಮೆಸಿನಾದಲ್ಲಿ ಸಂಸಾರ ಹೂಡಿದಳು. ಗಂಡನ ಮನೆಗೆ ಬಂದಮೇಲೆ ಹೊಲಿಗೆ ಬಿಟ್ಟು ಸುಮ್ಮನೆ ಕೂರಲಿಲ್ಲ. ದ್ವೀಪವನ್ನೆಲ್ಲ ಸುತ್ತಿ ಗಿಡ, ಚಿಟ್ಟೆ, ಚಿಪ್ಪು ಕೂಡಿಸಿದಳು.

ಅಲ್ಲಿನ ಕಡಲಿನಲ್ಲಿ ಆರ್ಗೊನಾಟ್ ಎಂಬ ಪ್ರಾಣಿಯಿದೆ, ಆಕ್ಟೋಪಸ್ಸಿನ ಬಳಗ. ಅದು ಕಾಗದದಷ್ಟು ತೆಳುವಾದ ಬಿಳಿ ಚಿಪ್ಪಿನೊಳಗೆ ಕೂತಿರುತ್ತದೆ. ಆ ಚಿಪ್ಪನ್ನು ಅದೇ ಕಟ್ಟಿಕೊಳ್ಳುತ್ತದೆಯೋ ಅಥವಾ ಬೇರೆ ಪ್ರಾಣಿಯದನ್ನು ಕದಿಯುತ್ತದೆಯೋ ಎಂದು ಪಂಡಿತರಲ್ಲಿ ದೊಡ್ಡ ವಾದ ನಡೆದಿತ್ತು. ಸತ್ತ ಪ್ರಾಣಿಯನ್ನು ಸ್ಪಿರಿಟ್ಟಿನಲ್ಲಿಟ್ಟು ವಾದಿಸಿದರೆ ಉತ್ತರ ಎಲ್ಲಿ ಬರಬೇಕು? ಬದುಕಿದ್ದನ್ನು ನೋಡಬೇಕು ಎಂದು ಜಾನ್ 1832ರಲ್ಲಿ ಗಾಜಿನ ತೊಟ್ಟಿಗಳನ್ನು ಮಾಡಿಸಿದಳು. ಕಡಲಿನಲ್ಲಿ ಇಳಿಬಿಡುವ ಪಂಜರಗಳನ್ನೂ ಮಾಡಿಸಿದಳು. ಮರಿ ತನ್ನ ಚಿಪ್ಪನ್ನು ತಾನೇ ಕಟ್ಟಿಕೊಳ್ಳುವುದನ್ನು ಕಂಡಳು. ಚಿಪ್ಪನ್ನು ಬೇಕೆಂದೇ ಒಡೆದು, ಪ್ರಾಣಿ ಆ ತೂತಿಗೆ ತೇಪೆ ಹಾಕಿಕೊಳ್ಳುವುದನ್ನೂ ಕಂಡಳು. ತೇಪೆಯ ಮಾತು ಹೊಲಿಗೆಯವಳಿಗಲ್ಲದೆ ಇನ್ನಾರಿಗೆ ಹೊಳೆಯಬೇಕು ಹೇಳಿ! ಇನ್ನೊಂದು ಮಾತು: ಆ ಚಿಪ್ಪು ಕಟ್ಟುವುದು ಹೆಣ್ಣು ಮಾತ್ರ, ಮೊಟ್ಟೆಯನ್ನು ಅದರೊಳಗೆ ಜೋಪಾನ ಮಾಡುವುದಕ್ಕೆ. ಗಂಡು ತೀರಾ ಚಿಕ್ಕದು, ಅದಕ್ಕೆ ಚಿಪ್ಪೇ ಇಲ್ಲ.

1838ರಲ್ಲಿ ಅವಳ ಸಂಗ್ರಹವನ್ನು ಹೊತ್ತ ಹಡಗು ಮುಳುಗಿತು. ವರ್ಷಗಟ್ಟಲೆ ಕೂಡಿಸಿದ್ದರಲ್ಲಿ ಬಹುಪಾಲು ಕಡಲಿನ ಪಾಲಾಯಿತು. ಅವಳು ಮುಂದೆಯೂ ಬರೆದಳು, ಆದರೆ ಹೊಸದಾಗಿ ಕೂಡಿಸುವ ಕೆಲಸ ಹೆಚ್ಚು ಮುಂದುವರಿದಂತೆ ಕಾಣುವುದಿಲ್ಲ. 1871ರಲ್ಲಿ ಹುಟ್ಟೂರಿನಲ್ಲೇ ತೀರಿಕೊಂಡಳು. ತುಂಬ ಕಾಲ ಅವಳನ್ನು ನೆನೆದವರು ಕಡಿಮೆ. 1997ರಲ್ಲಿ ಶುಕ್ರಗ್ರಹದ ಒಂದು ಕುಳಿಗೆ ಅವಳ ಹೆಸರಿಟ್ಟರು.

ಎರಡನೆಯವಳ ಕೈಯಲ್ಲೂ ಸೂಜಿಯೇ. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯ ಪಾದ್ರಿಯೊಬ್ಬರ ಹೆಂಡತಿ ಆನಾ ಥಿನ್. 1846ರಲ್ಲಿ ಟಾರ್ಕಿ ಎಂಬ ಕಡಲೂರಿಗೆ ಹೋದಾಗ ಬಂಡೆಯ ಮೇಲಿನ ಹವಳದ ಜೀವಿಗಳು ಅವಳಿಗೆ ಇಷ್ಟವಾದವು. ಲಂಡನ್ನಿಗೆ ಒಯ್ಯುವಾಗ ಜಾಡಿಯಲ್ಲಿ ಕುಲುಕಿ ಸಾಯಬಾರದೆಂದು ಸೂಜಿ-ದಾರ ತೆಗೆದುಕೊಂಡು ಅವುಗಳನ್ನು ಒಂದು ದೊಡ್ಡ ಸ್ಪಂಜಿಗೆ ಹೊಲಿದುಬಿಟ್ಟಳು. ಲಂಡನ್ನಿನಲ್ಲಿ ಕಡಲ ನೀರನ್ನು ದಿನಾ ತರಿಸುವುದು ಸಾಧ್ಯವಿಲ್ಲ. ಇದ್ದ ನೀರಿಗೇ ಗಾಳಿ ಬೆರೆಯಬೇಕು. ಅದಕ್ಕೆ ದಿನವೂ ಅರ್ಧ-ಮುಕ್ಕಾಲು ಗಂಟೆ ತೆರೆದ ಕಿಟಕಿಯ ಎದುರು ನಿಂತು, ನಾವು ಕಾಫಿ ಆರಿಸುವ ಹಾಗೆ, ಪಾತ್ರೆಯಿಂದ ಪಾತ್ರೆಗೆ ನೀರು ಸುರಿಯಬೇಕಾಗಿತ್ತು. ಸುರಿದವಳು ಆನಾ ಅಲ್ಲ, ಅವಳ ಮನೆಕೆಲಸದ ಹುಡುಗಿ. ಚರಿತ್ರೆಯಲ್ಲಿ ಅವಳು ಮನೆಕೆಲಸದ ಹುಡುಗಿಯಾಗಿಯೇ ಉಳಿದಿದ್ದಾಳೆ. ಈಗ ನನ್ನ ತೊಟ್ಟಿಯಲ್ಲಿ ಗುಳುಗುಳು ಎನ್ನುವ ಪುಟ್ಟ ಪಂಪು ಅವಳ ರಟ್ಟೆಯ ಕೆಲಸವನ್ನೇ ಮಾಡುತ್ತಿದೆ. ಮುಂದೆ ಆನಾ ಪಾಚಿಗಿಡ ಹಾಕಿ ನೋಡಿದಳು, ಹವಳಗಳು ವರ್ಷಗಟ್ಟಲೆ ಬದುಕಿದವು.

ಗಂಡಸರು ಏನೂ ಮಾಡಲಿಲ್ಲ ಎಂದಲ್ಲ. ರಸಾಯನಶಾಸ್ತ್ರಿ ರಾಬರ್ಟ್ ವಾರಿಂಗ್ಟನ್ 1850ರಲ್ಲಿ ಮೀನು, ನೀರುಗಿಡ, ಬಸವನಹುಳ ಮೂರನ್ನೂ ಒಂದೇ ತೊಟ್ಟಿಯಲ್ಲಿಟ್ಟು ಲೆಕ್ಕ ಕೂಡಿಸಿದ. ಗಿಡ ಪ್ರಾಣವಾಯು ಕೊಡುತ್ತದೆ, ಕೊಳೆತ ಎಲೆಯನ್ನು ಹುಳ ತಿನ್ನುತ್ತದೆ. ಫಿಲಿಪ್ ಗಾಸ್ 1854ರಲ್ಲಿ 'ದಿ ಅಕ್ವೇರಿಯಮ್' ಎಂಬ ಪುಸ್ತಕ ಬರೆದು ಆ ಹೆಸರನ್ನೇ ಮನೆಮಾತು ಮಾಡಿದ. 1845ರಲ್ಲಿ ಗಾಜಿನ ಮೇಲಿನ ತೆರಿಗೆ ರದ್ದಾಗಿದ್ದರಿಂದ ತೊಟ್ಟಿ ಅಗ್ಗವಾಗಿತ್ತು. ಜನ ಬುಟ್ಟಿ ಹಿಡಿದು ಕಡಲತೀರಕ್ಕೆ ನುಗ್ಗಿದರು. ಹವಳ, ಕಡಲಹೂವು, ಏಡಿ ಎಲ್ಲ ಪಟ್ಟಣಗಳ ದಿವಾನಖಾನೆ ಸೇರಿದವು. ಬಂಡೆಗಳ ನಡುವಿನ ಹೊಂಡಗಳು ಬರಿದಾದವು. ಗಾಸನ ಮಗ ಎಡ್ಮಂಡ್ 1907ರ ತನ್ನ ಆತ್ಮಕಥೆಯಲ್ಲಿ, ಅಪ್ಪನ ಪುಸ್ತಕಗಳೇ ಆ ತೀರವನ್ನು ಹಾಳುಮಾಡಿದವು ಎಂಬ ಅರ್ಥದಲ್ಲಿ ಮರುಗಿದ್ದಾನೆ.

ಇದನ್ನೆಲ್ಲ ಓದುತ್ತಿದ್ದ ದಿನಗಳಲ್ಲೇ ಒಂದು ಬೆಳಗ್ಗೆ ತೊಟ್ಟಿಯಲ್ಲಿ ನಮ್ಮ ನೀಲಿ ಅಂಗಾತ ಬಿದ್ದಿತ್ತು. ಕಾಲು, ಇಕ್ಕಳ, ಮೀಸೆ ಎಲ್ಲ ನಿಶ್ಚಲ. ಬೇಡವೆಂದರೂ ಕಣ್ಣಲ್ಲಿ ನೀರು ಬಂತು. ಮಗನಿಗೆ ಹೇಗೆ ಹೇಳಲಿ ಎಂದು ಫೋನು ಹಿಡಿದು ನಿಂತವಳಿಗೆ ಕುಂಡದ ಚೂರಿನ ಕೆಳಗೆ ಏನೋ ಅಲುಗಿದ್ದು ಕಂಡಿತು. ಅದು ಪೊರೆ ಕಳಚಿತ್ತು! ಮೀಸೆಯ ತುದಿಯವರೆಗೂ ಹರಿಯದ ಹಾಗೆ ಅಂಗಿ ಕಳಚಿಟ್ಟು, ಮೆತ್ತಗಾದ ಮೈ ಹೊತ್ತು ಮೂಲೆ ಸೇರಿತ್ತು, ಬಾಣಂತಿಯ ಹಾಗೆ. ಖಾಲಿ ಚಿಪ್ಪನ್ನು ತೆಗೆಯಬೇಡ, ಸುಣ್ಣದ ಅಂಶಕ್ಕಾಗಿ ಅದೇ ತಿನ್ನತ್ತೆ ಎಂದ ಮಗ. ಪೊರೆ ಬಿಡುವ ಮೊದಲು ಕ್ರೇಫಿಶ್ ಸುಣ್ಣವನ್ನು ಹೊಟ್ಟೆಯಲ್ಲಿ ಎರಡು ಬಿಳಿ ಹರಳಾಗಿ ಕೂಡಿಟ್ಟುಕೊಳ್ಳುತ್ತದೆ. ಹಿಂದೆ ಯುರೋಪಿನ ವೈದ್ಯರು ಆ ಹರಳಿಗೆ 'ಏಡಿಯ ಕಣ್ಣು' ಎಂದು ಹೆಸರಿಟ್ಟು ಪುಡಿಮಾಡಿ ಔಷಧಿಗೆ ಕೊಡುತ್ತಿದ್ದರು.

ಆಮೇಲೆ ಬಂತು ನಿಜವಾದ ಪೇಚು. ಮೈಸೂರಿನಲ್ಲಿರುವ ಮಗಳ ಬಾಣಂತನಕ್ಕೆ ನಾನು ಮೂರು ತಿಂಗಳು ಹೋಗಬೇಕು. ನಮ್ಮನೆಯವರು ತಮ್ಮ ಮಾತ್ರೆಯನ್ನೇ ಮರೆಯುವವರು. "ಗಣಪತಿ ಕೆರೆಗೆ ಬಿಟ್ಟುಬಿಡಿ ಮೇಡಂ, ಪುಣ್ಯ ಬರತ್ತೆ" ಎಂದರು ಪಕ್ಕದ ಮನೆಯಾಕೆ. ನನಗೂ ಅದೇ ಸರಿಯೆನಿಸಿತು. ಕೆರೆಯಲ್ಲಿ ಬದುಕೀತೇ ಎಂದು ತಿಳಿಯಲು ಹೊರಟಿದ್ದೆ, ಓದಿದ್ದು ಇನ್ನೊಂದು ಕಥೆ.

1990ರ ದಶಕದ ನಡುವಿನಲ್ಲಿ ಜರ್ಮನಿಯ ಅಕ್ವೇರಿಯಂ ವ್ಯಾಪಾರದಲ್ಲಿ ಮೈಮೇಲೆ ಅಮೃತಶಿಲೆಯಂಥ ಗೆರೆಗಳಿರುವ ಒಂದು ಕ್ರೇಫಿಶ್ ಕಾಣಿಸಿಕೊಂಡಿತು. ಒಂದೇ ಒಂದನ್ನು ಸಾಕಿದರೂ ಮೊಟ್ಟೆ, ಮರಿ. ಎಲ್ಲವೂ ಹೆಣ್ಣು, ಗಂಡಿನ ಸುಳಿವೇ ಇಲ್ಲ. 2003ರಲ್ಲಿ ವಿಜ್ಞಾನಿಗಳು ಇದನ್ನು ಖಚಿತಪಡಿಸಿದರು. 2018ರ ಸಂಶೋಧನೆಯಂತೆ ಇವೆಲ್ಲ ಒಬ್ಬಳೇ ತಾಯಿಯ ಪಡಿಯಚ್ಚುಗಳು. ಫ್ಲಾರಿಡಾ ಕಡೆಯ ಒಂದು ಜಾತಿ ಅವುಗಳ ಮೂಲ. ಮರಿಗಳು ನೂರಾರು. ಸಾಕಿದವರು ನೆಂಟರಿಗೆ ಹಂಚಿ ಸುಸ್ತಾಗಿ, ಉಳಿದದ್ದನ್ನು ಪಾಪ ಎಂದು ಕೆರೆಗೆ ಬಿಟ್ಟರು. ಅಲ್ಲಿಂದ ನದಿಗೆ, ದೇಶದಿಂದ ದೇಶಕ್ಕೆ. 2007ರ ಹೊತ್ತಿಗೆ ಮಡಗಾಸ್ಕರದ ಸಂತೆಗಳಲ್ಲಿ ಅದು ಮಾರಾಟಕ್ಕೆ ಬಂದಿತ್ತು. ಆ ದ್ವೀಪಕ್ಕೆ ತನ್ನದೇ ಆದ, ಬೇರೆಲ್ಲೂ ಇಲ್ಲದ ಕ್ರೇಫಿಶ್‌ಗಳಿವೆ. 2016ರಲ್ಲಿ ಯುರೋಪಿಯನ್ ಒಕ್ಕೂಟ ಅದನ್ನು ಸಾಕುವುದನ್ನೂ ಮಾರುವುದನ್ನೂ ನಿಷೇಧಿಸಿತು. ಅದಕ್ಕೂ ಮೊದಲು, ಸುಮಾರು 1860ರಿಂದಲೇ, ಅಮೆರಿಕದ ಕ್ರೇಫಿಶ್‌ಗಳು ಹೊತ್ತು ತರುವ ಒಂದು ಬೂಷ್ಟು ರೋಗ ಯುರೋಪಿನ ಸ್ವಂತ ಕ್ರೇಫಿಶ್‌ಗಳನ್ನು ಹೊಳೆಹೊಳೆಯಾಗಿ ಕೊಂದಿದೆ.

ನಮ್ಮದು ಆ ಗೆರೆಯ ಜಾತಿಯಲ್ಲ. ಆದರೂ ನಮ್ಮ ನಾಡಿನ ಹೊಳೆಗಳಲ್ಲಿ ಸಹಜವಾಗಿರುವುದು ಏಡಿ, ಸಿಗಡಿ, ಕ್ರೇಫಿಶ್ ಇಲ್ಲ. ಚೆಂದದ ಹೂವೆಂದು ದಕ್ಷಿಣ ಅಮೆರಿಕದಿಂದ ತಂದ ಅಂತರಗಂಗೆ ಎಷ್ಟು ಕೆರೆಗಳನ್ನು ಮುಚ್ಚಿಹಾಕಿದೆ ಎಂದು ಎಂಟನೆಯ ತರಗತಿಗೆ ಪಾಠ ಹೇಳುವವಳು ನಾನೇ. ಬಕೆಟ್ಟು ತೊಳೆದು ಇಟ್ಟಿದ್ದೆ, ಅದನ್ನು ಮತ್ತೆ ಬಚ್ಚಲಿನಲ್ಲಿ ಕವುಚಿದೆ. ಪಕ್ಕದ ಮನೆಯಾಕೆಗೆ ಬೇಸರವಾಯಿತು. "ಜೀವ ಬಿಡುಗಡೆ ಮಾಡೋದು ತಪ್ಪಾ ಮೇಡಂ?" ಎಂದರು. ಅವರಿಗೆ ಪೂರ್ತಿ ಒಪ್ಪಿಸಲು ನನ್ನಿಂದ ಆಗಲಿಲ್ಲ.

ತೊಟ್ಟಿ ಈಗ ನಮ್ಮ ಶಾಲೆಯ ವಿಜ್ಞಾನದ ಕೋಣೆಯಲ್ಲಿದೆ. ನೋಡಿಕೊಳ್ಳುವವಳು ಎಂಟನೆಯ ತರಗತಿಯ ಹುಡುಗಿ. ಅವಳ ತಾಯಿ ನಾಲ್ಕು ಮನೆಗಳಲ್ಲಿ ಪಾತ್ರೆ ತೊಳೆದು ಮಗಳನ್ನು ಓದಿಸುತ್ತಿದ್ದಾರೆ. ಕರೆಂಟು ಹೋದರೆ ಏನು ಮಾಡುತ್ತೀಯೆ ಎಂದು ಕೇಳಿದೆ. "ಜಗ್ಗಲ್ಲಿ ಎತ್ತಿ ಎತ್ತಿ ಸುರೀತೀನಿ ಮಿಸ್" ಎಂದಳು. ಇದನ್ನು ನಾನು ಹೇಳಿಕೊಟ್ಟಿರಲಿಲ್ಲ. ಮೈಸೂರಿನ ಬಸ್ಸು ಹತ್ತುವ ಹಿಂದಿನ ದಿನ ಒಂದು ಚೀಟಿ ಬರೆದು ಗಾಜಿಗೆ ಅಂಟಿಸಿ ಬಂದೆ: ತಾಮ್ರದ ಪಾತ್ರೆ ಬೇಡ, ಮುಚ್ಚಳ ಮರೆಯಬಾರದು, ಕೆರೆಗೆ ಬಿಡಬಾರದು. ಕೆಳಗೆ, ಉಸ್ತುವಾರಿ ಎಂಬಲ್ಲಿ, ದಪ್ಪ ಅಕ್ಷರದಲ್ಲಿ ಅವಳ ಪೂರ್ತಿ ಹೆಸರು.