ಉಸಿರಾಡುತ್ತಿದ್ದ ಅಂಬಾಸಿಡರ್: ಅಂಬಿಕಾನಗರದ ಒಂದು ಹಳೆಯ ಪಾಠ



ಅಂಬಿಕಾನಗರದ ಕಾಲನಿಯಲ್ಲಿ ನನ್ನ ಬಳಿ ಓದಿದವರಿಗೆ ನನ್ನ ಬಿಳಿ ಅಂಬಾಸಿಡರ್ ಕಾರು ನೆನಪಿರಬೇಕು. ಅದು ಬರುವುದಕ್ಕೆ ಮುಂಚೆಯೇ ಅದರ ಸದ್ದು ಬರುತ್ತಿತ್ತೆಂದು ನೀವು ನಗುತ್ತಿದ್ದುದೂ ನನಗೆ ಗೊತ್ತು. ಆ ಸದ್ದಿನ ಇತಿಹಾಸವನ್ನೂ, ಅದರೊಳಗಿದ್ದ ನನ್ನ ತಪ್ಪೊಂದನ್ನೂ ಇಂದು ಬರೆಯುತ್ತಿದ್ದೇನೆ.

ಅಂಬಾಸಿಡರ್ ನಮ್ಮ ದೇಶದಲ್ಲಿ ಹುಟ್ಟಿದ ವಿನ್ಯಾಸವಲ್ಲ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಆಧಾರದ ಮೇಲೆ ಹಿಂದೂಸ್ತಾನ್ ಮೋಟರ್ಸ್ ಸಂಸ್ಥೆಯು ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ ಅದನ್ನು ತಯಾರಿಸುತ್ತಿತ್ತು. 1950ರ ದಶಕದ ಕೊನೆಯಲ್ಲಿ ಆರಂಭವಾದ ಆ ತಯಾರಿಕೆ 2014ರಲ್ಲಿ ನಿಂತಿತು. ನಾನು ಎರಡನೆಯ ಕೈಯಲ್ಲಿ ಕೊಂಡ ಕಾರಿನಲ್ಲಿ 1489 ಸಿ.ಸಿ.ಯ ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್ನೂ ಎಸ್.ಯು. ಮಾದರಿಯ ಕಾರ್ಬರೇಟರೂ ಇದ್ದವು.

1986ರ ಮಳೆಗಾಲ. ರಸ್ತೆಯಲ್ಲಿ ಓಡುವಾಗ ಕಾರು ಸುಸೂತ್ರವಾಗಿಯೇ ಓಡುತ್ತಿತ್ತು. ನಿಲ್ಲಿಸಿದೊಡನೆ ಮಾತ್ರ ಎಂಜಿನ್ ಏರುತ್ತ ಇಳಿಯುತ್ತ, ಕೊನೆಗೆ ನಡುಗಿ ಆರಿಹೋಗುತ್ತಿತ್ತು. ಮಿಸ್ತ್ರಿಯೊಬ್ಬರು ಪ್ಲಗ್ಗುಗಳನ್ನು ಬದಲಿಸಿದರು. ಇನ್ನೊಬ್ಬರು ಪಾಯಿಂಟ್ ಮತ್ತು ಕಂಡೆನ್ಸರ್ ಬದಲಿಸಿದರು. ಮೂರನೆಯವರು ಕಾರ್ಬರೇಟರ್ ಬಿಚ್ಚಿ ತೊಳೆದು, ಸ್ಲೋ ಸ್ಪೀಡಿನ ಸ್ಕ್ರೂ ತಿರುಗಿಸಿ ವೇಗ ಹೆಚ್ಚಿಸಿಟ್ಟರು. ರೋಗ ಅಡಗಿತೇ ಹೊರತು ವಾಸಿಯಾಗಲಿಲ್ಲ.

ಒಂದು ಸಂಜೆ ಶಾಲೆಯ ಮುಂದೆ ಬಾನೆಟ್ ತೆರೆದು ನಿಂತಿದ್ದೆ. ಒಂಬತ್ತನೆಯ ತರಗತಿಯ ಹುಡುಗನೊಬ್ಬ ಮೆಲ್ಲಗೆ ಬಂದು, "ಸರ್, ಅದು ಬೇರೆ ಕಡೆಯಿಂದ ಉಸಿರಾಡ್ತಾ ಇದೆ" ಎಂದ. ವಿಜ್ಞಾನದ ಮೇಷ್ಟ್ರಾದ ನಾನು, "ಲೆಕ್ಕದಲ್ಲಿ ಹದಿನೆಂಟು ಅಂಕ ತೆಗೆದವನು ನನಗೆ ಪಾಠ ಹೇಳುತ್ತೀಯಾ?" ಎಂದುಬಿಟ್ಟೆ. ಉಳಿದ ಮಕ್ಕಳು ನಕ್ಕರು. ಅವನು ಮರುಮಾತಾಡದೆ ಹೋದ.

ಎರಡು ವಾರ ಕಳೆದಿರಬಹುದು. ನಡುರಾತ್ರಿ ಪಕ್ಕದ ಮನೆಯ ತುಂಬು ಗರ್ಭಿಣಿಗೆ ನೋವು ಕಾಣಿಸಿಕೊಂಡಿತು. ಆಕೆಯನ್ನೂ ಆಕೆಯ ಅತ್ತೆಯನ್ನೂ ಕೂರಿಸಿಕೊಂಡು ದಾಂಡೇಲಿಯ ಕಡೆಗೆ ಹೊರಟೆ. ಜಡಿಮಳೆ, ಇಕ್ಕೆಲದಲ್ಲೂ ಕಾಡು. ರಸ್ತೆಗೆ ಬಿದ್ದಿದ್ದ ಕೊಂಬೆಯೊಂದರ ಮುಂದೆ ನಿಧಾನಿಸಿದ್ದೇ ತಡ, ಎಂಜಿನ್ ಆರಿತು. ಮತ್ತೆ ಹೊತ್ತಿಕೊಳ್ಳಲು ಹಿಡಿದ ಆ ಐದಾರು ನಿಮಿಷಗಳನ್ನು ನಾನು ಮರೆತಿಲ್ಲ. "ಮಾಸ್ತರ್ರೇ, ದೇವರು ನೋಡ್ಕೋತಾನೆ" ಎಂದು ಆ ಹಿರಿಯರು ನನಗೇ ಧೈರ್ಯ ಹೇಳಿದರು. ತಾಯಿ ಮಗು ಉಳಿದವು. ಆದರೆ ಮರಳಿ ಬರುವ ದಾರಿಯುದ್ದಕ್ಕೂ ಆ ಹುಡುಗನ ಮಾತೇ ಕಿವಿಯಲ್ಲಿತ್ತು.

ಮರುದಿನ ಅವನನ್ನು ಕರೆದೆ. ಅವನು ಕಾರ್ಬರೇಟರ್ ಮತ್ತು ಮ್ಯಾನಿಫೋಲ್ಡ್ ಸೇರುವ ಜಾಗಕ್ಕೆ ಕಿವಿಗೊಟ್ಟು, ಅಲ್ಲಿ ನಾಲ್ಕು ಹನಿ ಎಂಜಿನ್ ಆಯಿಲ್ ಬಿಟ್ಟ. ಆ ಕ್ಷಣವೇ ಎಂಜಿನ್ನಿನ ಏರಿಳಿತ ನಿಂತು ಸದ್ದು ಸಮವಾಯಿತು. ಎಣ್ಣೆ ಒಳಗೆ ಹೀರಿಹೋದೊಡನೆ ಮತ್ತೆ ಶುರುವಾಯಿತು. ಪ್ಯಾಕಿಂಗ್ ಸೀಳಿತ್ತು.

ಕಾರಣವನ್ನು ಈಗ ಯಾರೂ ತಿಳಿಯಬಹುದು. ನಿಂತಿರುವಾಗ ಎಂಜಿನ್ನಿಗೆ ಬೇಕಾಗುವ ಗಾಳಿ ತೀರ ಕಡಿಮೆ. ಆಗ ಸೀಳಿನಿಂದ ಕದ್ದು ಬರುವ ಗಾಳಿಯ ಪಾಲೇ ದೊಡ್ಡದಾಗಿ ಮಿಶ್ರಣ ತೆಳುವಾಗುತ್ತದೆ, ವೇಗ ಇಳಿಯುತ್ತದೆ. ವೇಗ ಇಳಿದಾಗ ಹೀರುವಿಕೆ ಕುಗ್ಗಿ, ಕಳ್ಳಗಾಳಿಯೂ ಕುಗ್ಗಿ, ಮಿಶ್ರಣ ತುಸು ಗಟ್ಟಿಯಾಗುತ್ತದೆ, ವೇಗ ಏರುತ್ತದೆ. ಮತ್ತೆ ಅದೇ ಕಥೆ. ಓಡುವಾಗ ಒಳಹೋಗುವ ಗಾಳಿಯೇ ಹೇರಳವಾದ್ದರಿಂದ ಅದೇ ಸೀಳು ಗಮನಕ್ಕೇ ಬರುವುದಿಲ್ಲ. ಹೊಸ ಪ್ಯಾಕಿಂಗ್ ಕತ್ತರಿಸಿ ಕೂರಿಸಿ, ನಟ್ಟುಗಳನ್ನು ಎರಡೂ ಕಡೆ ಸಮನಾಗಿ ಬಿಗಿದು, ಆಮೇಲೆ ಸ್ಲೋ ಸ್ಪೀಡ್ ಹೊಂದಿಸಿದೆವು. ಮೊದಲು ಕಿಡಿ, ನಂತರ ಗಾಳಿ, ಕೊನೆಗೆ ಸ್ಕ್ರೂ: ಈ ಕ್ರಮವನ್ನು ನಾನು ಅಂದು ಕಲಿತೆ.

ಇಂಥ ಏರಿಳಿತಕ್ಕೆ ಯಂತ್ರಶಾಸ್ತ್ರದಲ್ಲಿ ಹಳೆಯ ಚರಿತ್ರೆಯಿದೆ. 1788ರಲ್ಲಿ ಜೇಮ್ಸ್ ವಾಟ್ ತನ್ನ ಉಗಿಯಂತ್ರಕ್ಕೆ ತಿರುಗುವ ಗುಂಡುಗಳ ಗವರ್ನರ್ ಅಳವಡಿಸಿದ. ಕೆಲವು ಗವರ್ನರುಗಳು ವೇಗವನ್ನು ಸ್ಥಿರಗೊಳಿಸುವ ಬದಲು ತಾವೇ ತೂಗಾಡತೊಡಗುವುದೇಕೆ ಎಂಬುದನ್ನು 1868ರಲ್ಲಿ ಮ್ಯಾಕ್ಸ್‌ವೆಲ್ ಗಣಿತದಿಂದ ವಿವರಿಸಿದ. ನಮ್ಮ ಊರಿನ ಅನ್ನವೂ ಇದೇ ವಿದ್ಯೆಯಿಂದ ಬಂದದ್ದು. ಕಾಳಿ ಯೋಜನೆಯ ನಾಗಝರಿ ವಿದ್ಯುದಾಗಾರದಲ್ಲಿ ಆರಂಭದಲ್ಲಿ ತಲಾ 135 ಮೆಗಾವಾಟಿನ ಘಟಕಗಳಿದ್ದವು. ಊರಿನ ದೀಪ ಉರಿಯಲಿ ಆರಲಿ, ಅಲ್ಲಿ ಗವರ್ನರ್ ನೀರಿನ ಬಾಗಿಲನ್ನು ತೆರೆದು ಮುಚ್ಚಿ 50 ಹರ್ಟ್ಸಿನ ಲಯವನ್ನು ಕಾಯಬೇಕು. ತೀರ ಅವಸರಪಟ್ಟರೆ ಅದೂ ತೂಗಾಡುತ್ತದೆ. ತರಗತಿಯಲ್ಲಿ ಇದನ್ನು ಪಾಠ ಮಾಡುತ್ತಿದ್ದ ನನಗೆ ನನ್ನ ಕಾರಿನಲ್ಲಿ ಅದು ಕಾಣಿಸಲಿಲ್ಲ.

"ನಿನಗೆ ಹೇಗೆ ತಿಳಿಯಿತು?" ಎಂದು ಹುಡುಗನನ್ನು ಕೇಳಿದೆ. ಅವನ ಅಜ್ಜ ಸೂಪಾದಲ್ಲಿ ಅಕ್ಕಿ ಗಿರಣಿಯ ಎಂಜಿನ್ ನೋಡಿಕೊಳ್ಳುತ್ತಿದ್ದರಂತೆ. ಸದ್ದು ಕೇಳಿಯೇ ರೋಗ ಹೇಳುತ್ತಿದ್ದರಂತೆ. ಅಷ್ಟರಲ್ಲಿ 101 ಮೀಟರ್ ಎತ್ತರದ ಅಣೆಕಟ್ಟಿನ ಹಿಂದೆ ಹಳೆಯ ಸೂಪಾ ಜಲಾಶಯದ ಪಾಲಾಗಿತ್ತು. ಅವನ ಮನೆಯವರು ರಾಮನಗರದ ಪುನರ್ವಸತಿಗೆ ಹೋಗಿದ್ದರು. ಗಿರಣಿ ನೀರಿನಡಿ ಸೇರಿತ್ತು. ಅಜ್ಜನ ವಿದ್ಯೆಯಲ್ಲಿ ಉಳಿದದ್ದು ಮೊಮ್ಮಗನ ಕಿವಿಯೊಂದೇ. ಆ ಕಿವಿಯನ್ನೇ ನಾನು ಎಲ್ಲರೆದುರು ಹಿಂಡಿದ್ದೆ.

ಇಂದಿನ ಕಾರುಗಳಲ್ಲಿ ಸೆನ್ಸರುಗಳೂ ಗಣಕವೂ ಈ ಲಯವನ್ನು ಕಾಯುತ್ತವೆ. ಹಳೆಯ ಕಾರು ಇಟ್ಟುಕೊಂಡವರಿಗೆ ಮಾತ್ರ ಒಂದು ಮಾತು. ಶೇ. 20 ಎಥೆನಾಲ್ ಬೆರೆತ ಪೆಟ್ರೋಲ್ 2023ರಿಂದ ನಮ್ಮಲ್ಲಿ ಬಂದಿದೆ. ಅದು ಮಿಶ್ರಣವನ್ನು ತುಸು ತೆಳುವಾಗಿಸುತ್ತದೆ, ಹಳೆಯ ರಬ್ಬರನ್ನು ಕೆಡಿಸಬಲ್ಲದು. ಸ್ಕ್ರೂ ತಿರುಗಿಸುವ ಮೊದಲು ಪೈಪು, ಪ್ಯಾಕಿಂಗುಗಳನ್ನು ನೋಡಿರಿ.

ಆ ಹುಡುಗನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಎಂಜಿನ್ ಸರಿಯಾದ ದಿನ ಅವನ ಬೆನ್ನು ತಟ್ಟಿದೆ, ನಿಜ. ಆದರೆ ಬೈದದ್ದು ಎಲ್ಲರ ಮುಂದೆ, ಹೊಗಳಿದ್ದು ಒಬ್ಬನೇ ಇದ್ದಾಗ. ಅಪ್ಪಾ, ನೀನು ಇದನ್ನು ಓದುತ್ತಿದ್ದರೆ, ಆ ದಿನದ ಮಾತಿಗಾಗಿ ಈ ಮುದಿ ಮೇಷ್ಟ್ರನ್ನು ಕ್ಷಮಿಸು. ಅಂದು ನಕ್ಕ ನಿನ್ನ ಸಹಪಾಠಿಗಳೂ ಇದನ್ನು ಓದಲಿ ಎಂದೇ ಇಲ್ಲಿ ಬರೆದಿದ್ದೇನೆ.