ಕಪಾಟಿನೊಳಗಿನ ಗೇಮಿಂಗ್ ಕಂಪ್ಯೂಟರಿಗೆ ಐಸ್ ಬಾಟಲಿ ಸಾಕೆ?

ಬೇಸಿಗೆ ಬಂತೆಂದರೆ ವಾಟ್ಸಾಪ್‌ನಲ್ಲಿ ಒಂದು ಬಗೆಯ ಸಲಹೆಗಳು ಓಡಾಡತೊಡಗುತ್ತವೆ. ಕಂಪ್ಯೂಟರ್ ಬಿಸಿಯಾಗುತ್ತಿದ್ದರೆ ಪಕ್ಕದಲ್ಲಿ ಐಸ್ ಬಾಟಲಿ ಇಡಿ, ಇಲ್ಲವೇ ಒಳಗೆ ಇನ್ನೊಂದು ಫ್ಯಾನ್ ಹಾಕಿಸಿ ಎನ್ನುವಂಥವು. ಶಿವಮೊಗ್ಗ, ಭದ್ರಾವತಿಯ ಕಡೆ ಮಳೆಗಾಲದ ತೇವ, ಧೂಳು, ಹಲ್ಲಿ, ಇರುವೆಗಳ ಕಾಟಕ್ಕೆ ಹೆದರಿ ಮೇಜಿನ ಕೆಳಗೆ ಬಾಗಿಲಿರುವ ಗೂಡು ಮಾಡಿಸಿ, ಸಿಪಿಯು ಡಬ್ಬವನ್ನು ಅದರೊಳಗೆ ಇಡುವವರಿದ್ದಾರೆ. ಕಚೇರಿ ಕೆಲಸದ ಕಂಪ್ಯೂಟರ್ ಅಲ್ಲಿ ಹೇಗೋ ಬಾಳುತ್ತದೆ. ಗೇಮಿಂಗ್ ಕಂಪ್ಯೂಟರ್ ಬಾಳುವುದು ಕಷ್ಟ.

ಏಕೆಂದರೆ ಕಂಪ್ಯೂಟರ್ ಬಳಸುವ ಕರೆಂಟ್ ಹೆಚ್ಚುಕಡಿಮೆ ಪೂರ್ತಿ ಶಾಖವಾಗಿಯೇ ಹೊರಬರುತ್ತದೆ. ದೊಡ್ಡ ಆಟ ಆಡುವಾಗ ಸಾಧಾರಣ ಗೇಮಿಂಗ್ ಕಂಪ್ಯೂಟರ್ 300ರಿಂದ 400 ವ್ಯಾಟ್ ಎಳೆಯುತ್ತದೆ. ಸುಮ್ಮನೆ ಕೂತ ಮನುಷ್ಯನ ಮೈ ಸುಮಾರು 100 ವ್ಯಾಟ್ ಶಾಖ ಬಿಡುತ್ತದೆ. ಅಂದರೆ ಆ ಪುಟ್ಟ ಗೂಡಿನೊಳಗೆ ಮೂರು ನಾಲ್ಕು ಜನರನ್ನು ಕೂರಿಸಿ ಬಾಗಿಲು ಹಾಕಿದಂತೆ.

ಗಾಜನೂರಿನ ತುಂಗಾ ಅಣೆಕಟ್ಟನ್ನು ನೋಡಿದವರಿಗೆ ಇದನ್ನು ವಿವರಿಸುವುದು ಸುಲಭ. ಅದರ ಸಾಮರ್ಥ್ಯ 3.24 ಟಿಎಂಸಿ ಮಾತ್ರ. ಅದೇ ಜಿಲ್ಲೆಯ ಲಿಂಗನಮಕ್ಕಿಯದು 150ಕ್ಕೂ ಹೆಚ್ಚು. ಹಾಗಾಗಿ ಮಳೆ ಶುರುವಾದ ಕೆಲವೇ ದಿನಗಳಲ್ಲಿ ಗಾಜನೂರು ತುಂಬಿ ಗೇಟ್ ಎತ್ತಬೇಕಾಗುತ್ತದೆ. ಒಳಹರಿವಿನಷ್ಟೇ ನೀರನ್ನು ಹೊರಗೆ ಬಿಟ್ಟರೆ ಮಟ್ಟ ನಿಲ್ಲುತ್ತದೆ, ಗೇಟ್ ಮುಚ್ಚಿದರೆ ಏರುತ್ತಲೇ ಹೋಗುತ್ತದೆ. ನಿಮ್ಮ ಮೇಜಿನ ಗೂಡು ಗಾಜನೂರಿಗಿಂತಲೂ ಚಿಕ್ಕ ಜಲಾಶಯ. ಒಳಹರಿವು ಶಾಖ, ನೀರಿನ ಮಟ್ಟವೇ ಉಷ್ಣತೆ. ಒಳಗೆ ಇನ್ನೆರಡು ಫ್ಯಾನ್ ಹಾಕಿಸುವುದೆಂದರೆ ಗೇಟ್ ತೆರೆಯದೆ ಜಲಾಶಯದ ನೀರನ್ನು ಕಲಕಿದಂತೆ.

ಲೆಕ್ಕ ಹಾಕಿ ನೋಡೋಣ. 60 ಸೆಂ.ಮೀ. ಅಗಲ, 60 ಸೆಂ.ಮೀ. ಆಳ, 80 ಸೆಂ.ಮೀ. ಎತ್ತರದ ಗೂಡಿನಲ್ಲಿ ಇರುವ ಗಾಳಿಯ ತೂಕ ಕಿಲೋದ ಮೂರನೇ ಒಂದು ಭಾಗದಷ್ಟು. 350 ವ್ಯಾಟ್ ಶಾಖ ಆ ಗಾಳಿಯನ್ನು ಸೆಕೆಂಡಿಗೆ ಸುಮಾರು ಒಂದು ಡಿಗ್ರಿಯಂತೆ ಬಿಸಿ ಮಾಡಬಲ್ಲದು. ಡಬ್ಬದ ಲೋಹ, ಪ್ಲೈವುಡ್ ಹಲಗೆಗಳು ಒಂದಿಷ್ಟು ಶಾಖ ಹೀರುವುದರಿಂದ ನಿಜದಲ್ಲಿ ಇಷ್ಟು ವೇಗವಾಗಿ ಏರುವುದಿಲ್ಲ. ಆದರೂ ಬಾಗಿಲು ಬಿಗಿಯಾಗಿ ಮುಚ್ಚಿಕೊಂಡಿದ್ದರೆ ಒಳಗಿನ ಗಾಳಿ ಕೋಣೆಗಿಂತ 40 ಡಿಗ್ರಿ ಹೆಚ್ಚು ಬಿಸಿಯಾಗುವತ್ತ ಸಾಗುತ್ತದೆ ಎನ್ನುತ್ತದೆ ನಮ್ಮ ಸ್ಥೂಲ ಲೆಕ್ಕ. ಅಲ್ಲಿಗೆ ಮುಟ್ಟುವ ಮೊದಲೇ ಕಂಪ್ಯೂಟರ್ ಕೈಚೆಲ್ಲಿರುತ್ತದೆ ಅನ್ನುವುದು ಬೇರೆ ಮಾತು.

ಕೈಚೆಲ್ಲುವುದೆಂದರೆ ಸ್ಫೋಟಗೊಳ್ಳುವುದಲ್ಲ. ಈಗಿನ ಹಲವು ಪ್ರೊಸೆಸರ್‌ಗಳು 95ರಿಂದ 100 ಡಿಗ್ರಿ ಮುಟ್ಟಿದ ಕೂಡಲೇ ತಾವಾಗಿಯೇ ವೇಗ ತಗ್ಗಿಸಿಕೊಳ್ಳುತ್ತವೆ. ಆಟ ತಡವರಿಸುತ್ತದೆ, ಫ್ಯಾನುಗಳು ಕಿರುಚುತ್ತವೆ. ಅಷ್ಟಾದರೂ ಬಿಸಿ ಇಳಿಯದಿದ್ದರೆ ಯಂತ್ರ ತಾನೇ ಆಫ್ ಆಗುತ್ತದೆ. ಹೊಸ ಗ್ರಾಫಿಕ್ಸ್ ಕಾರ್ಡ್ ಕೊಳ್ಳಬೇಕೆಂದು ಹಣ ಜೋಡಿಸುತ್ತಿರುವವರು ಮೊದಲು ಗೂಡಿನ ಬಾಗಿಲು ತೆರೆದು ಒಮ್ಮೆ ಆಡಿ ನೋಡುವುದು ಒಳ್ಳೆಯದು.

ಈಗ ಐಸ್ ಬಾಟಲಿಯ ವಿಚಾರ. ಒಂದು ಕಿಲೋ ಮಂಜುಗಡ್ಡೆ ಪೂರ್ತಿ ಕರಗಲು 334 ಕಿಲೋಜೂಲ್ ಶಾಖ ಬೇಕು. 350 ವ್ಯಾಟ್‌ನ ಕಂಪ್ಯೂಟರ್ ಅಷ್ಟನ್ನು 16 ನಿಮಿಷದಲ್ಲಿ ಉಗುಳುತ್ತದೆ. ಮೂರು ಗಂಟೆ ಆಡಲು ಹನ್ನೊಂದು ಬಾಟಲಿ ಬೇಕಾದವು! ಅದಕ್ಕಿಂತ ದೊಡ್ಡ ತೊಂದರೆ ನೀರಿನದು. ತಣ್ಣೀರು ತುಂಬಿದ ಸ್ಟೀಲ್ ಲೋಟ ಹೊರಗೆ ಬೆವರುವುದನ್ನು ನೋಡಿದ್ದೀರಲ್ಲ, ಬಾಟಲಿಯೂ ಹಾಗೇ ಬೆವರುತ್ತದೆ. ಆಷಾಢದ ಮಳೆಯಲ್ಲಿ, ಗಾಳಿ 25 ಡಿಗ್ರಿಯಲ್ಲಿದ್ದು ತೇವಾಂಶ ಶೇ. 90 ಇದ್ದರೆ, 23 ಡಿಗ್ರಿಗಿಂತ ತಣ್ಣಗಿರುವ ಯಾವ ವಸ್ತುವಿನ ಮೇಲೂ ಹನಿ ಕೂರುತ್ತದೆ. ಆ ಹನಿ ಪವರ್ ಸಪ್ಲೈ ಪಕ್ಕದಲ್ಲಿ ಇಳಿಯುವುದು ನಮಗೆ ಬೇಡ. ಒದ್ದೆ ಬಟ್ಟೆ, ನೀರಿನ ಏರ್ ಕೂಲರ್‌ಗೂ ಇದೇ ಆಕ್ಷೇಪ. ಗಾಳಿಯೇ ನೀರು ಕುಡಿದು ನಿಂತಿರುವ ಮಲೆನಾಡಿನ ಮಳೆಗಾಲದಲ್ಲಿ ಅವು ತಂಪು ಮಾಡುವುದೂ ಅಷ್ಟಕ್ಕಷ್ಟೆ.

ಹಾಗಾದರೆ ಮಾಡಬೇಕಾದ್ದು ಏನು? ಗೇಟ್ ತೆರೆಯುವುದು. ಗೂಡಿನ ಗಾಳಿ ಕೋಣೆಗಿಂತ 10 ಡಿಗ್ರಿಯಷ್ಟೇ ಹೆಚ್ಚು ಇರಬೇಕೆಂದರೆ ಸೆಕೆಂಡಿಗೆ ಸುಮಾರು 30 ಲೀಟರ್ ಗಾಳಿ ಹೊರಹೋಗಬೇಕು. ಕೇಬಲ್ ಎಳೆಯಲೆಂದು ಬಡಗಿ ಕೊರೆದ 5 ಸೆಂ.ಮೀ. ತೂತು 20 ಚದರ ಸೆಂ.ಮೀ. ಕೂಡ ಇಲ್ಲ, ಅದರಲ್ಲಿ ಇಷ್ಟು ಗಾಳಿ ಹಾಯುವುದಿಲ್ಲ. ಅತಿ ಅಗ್ಗದ ಉಪಾಯ ಗೂಡಿನ ಹಿಂಬದಿಯ ಹಲಗೆಯನ್ನೇ ಬಿಚ್ಚಿಬಿಟ್ಟು, ಮೇಜನ್ನು ಗೋಡೆಯಿಂದ ಒಂದು ಗೇಣು ಮುಂದೆ ಎಳೆಯುವುದು. ಹಲಗೆ ಬಿಚ್ಚಲು ಬಾರದಿದ್ದರೆ ಅದರ ಮೇಲ್ಭಾಗದಲ್ಲಿ 120 ಮಿ.ಮೀ. ಅಳತೆಯ ಎರಡು ತೂತು ಕೊರೆಸಿ, ಗಾಳಿಯನ್ನು ಹೊರಗೆ ತಳ್ಳುವಂತೆ ಎರಡು ಫ್ಯಾನ್ ಕೂರಿಸಿ. ಬಾಗಿಲಿನ ಕೆಳಭಾಗದಲ್ಲಿ ಅಷ್ಟೇ ಅಥವಾ ಇನ್ನೂ ದೊಡ್ಡ ಕಿಂಡಿ ಬೇಕು, ಅದಕ್ಕೆ ಸೊಳ್ಳೆ ಪರದೆಯಂಥ ಜಾಲರಿ ಹೊಡೆಸಿದರೆ ಹಲ್ಲಿಯ ಭಯವಿಲ್ಲ. ಜಾಲರಿಗೆ ಧೂಳು ಕಟ್ಟುತ್ತದೆ, ತಿಂಗಳಿಗೊಮ್ಮೆ ಬ್ರಷ್ ಆಡಿಸಬೇಕು.

ಬಿಸಿ ಗಾಳಿ ತಾನಾಗಿ ಮೇಲೇರುತ್ತದೆ, ಬಚ್ಚಲ ಒಲೆಯ ಹೊಗೆಯಂತೆ. ಆದರೆ ಫ್ಯಾನ್ ಎದುರು ಆ ಸೆಳೆತ ದುರ್ಬಲ. ಹೊರಹೋದ ಬಿಸಿ ಗಾಳಿ ಮತ್ತೆ ಒಳಗೆ ಬರಬಾರದು ಎನ್ನುವುದೇ ಮುಖ್ಯ. ಒಳದಾರಿ ಮುಂದೆ, ಹೊರದಾರಿ ಹಿಂದೆ ಇರಲಿ ಎನ್ನುವುದು ಅದಕ್ಕೇ.

ಇನ್ನೊಂದು ಮಾತು ನೆನಪಿರಲಿ. ಯಾವ ಫ್ಯಾನ್ ಕೂಡ ಕೋಣೆಯ ಗಾಳಿಗಿಂತ ತಂಪು ಮಾಡಲಾರದು. ಏಪ್ರಿಲ್ ಮಧ್ಯಾಹ್ನ ಕೋಣೆಯೇ 35 ಡಿಗ್ರಿ ಇದ್ದರೆ ಲೆಕ್ಕ ಅಲ್ಲಿಂದಲೇ ಶುರು. ಹೊಳೆ ಕಡೆಯ ಗಾಳಿ ಬೀಸುವ ರಾತ್ರಿ ಹೊತ್ತು ಆಡುವವರಿಗೆ ಐದಾರು ಡಿಗ್ರಿ ಪುಕ್ಕಟೆ ಸಿಗುತ್ತದೆ (ನಿದ್ದೆಯ ಲೆಕ್ಕ ನಾವು ಇಲ್ಲಿ ತೆಗೆಯುವುದಿಲ್ಲ).

ನಿಮ್ಮ ಮನೆಯ ತೊಂದರೆ ಗೂಡಿನದೋ ಕಂಪ್ಯೂಟರಿನದೋ ತಿಳಿಯಲು ಒಂದು ಪರೀಕ್ಷೆ ಇದೆ. ಉಷ್ಣತೆ ತೋರಿಸುವ ಯಾವುದಾದರೂ ಉಚಿತ ತಂತ್ರಾಂಶ ಹಾಕಿಕೊಂಡು, ಬಾಗಿಲು ಮುಚ್ಚಿ ಅರ್ಧ ಗಂಟೆ ಆಡಿ, ಅಂಕಿ ಬರೆದಿಡಿ. ಆಮೇಲೆ ಬಾಗಿಲು ತೆರೆದು ಅದೇ ಆಟ ಅರ್ಧ ಗಂಟೆ. ಏಳೆಂಟು ಡಿಗ್ರಿ ಇಳಿದರೆ ತಪ್ಪು ಗೂಡಿನದು. ಇಳಿಯದೇ ಹೋದರೆ ಒಳಗೆ ಧೂಳು ಕಟ್ಟಿದೆ, ಇಲ್ಲವೇ ಪ್ರೊಸೆಸರ್ ಮೇಲಿನ ಥರ್ಮಲ್ ಪೇಸ್ಟ್ ಒಣಗಿದೆ. ಅಂಥ ಯಂತ್ರಕ್ಕೆ ಎಷ್ಟು ತೂತು ಕೊರೆದರೂ ಪ್ರಯೋಜನವಿಲ್ಲ.

ಕರೆಂಟ್ ಹೋಗುವ ಊರುಗಳಲ್ಲಿ ಯುಪಿಎಸ್ ಕೂಡ ಅದೇ ಗೂಡಿನಲ್ಲಿ ಕೂತಿರುತ್ತದೆ. ಅದನ್ನು ಇವತ್ತೇ ಹೊರಗಿಡಿ. ಅದರೊಳಗಿನ ಸೀಸ–ಆಮ್ಲದ ಬ್ಯಾಟರಿಗೆ 25 ಡಿಗ್ರಿ ಹಿತ. ಅಲ್ಲಿಂದ ಪ್ರತಿ 10 ಡಿಗ್ರಿ ಏರಿದಾಗಲೂ ಅದರ ಆಯುಸ್ಸು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಆಡುವಾಗ ಆಟ ತಡವರಿಸಿದರೆ ತಕ್ಷಣ ಗೊತ್ತಾಗುತ್ತದೆ, ಬ್ಯಾಟರಿ ಸತ್ತಿದ್ದು ಗೊತ್ತಾಗುವುದು ಮಾತ್ರ ಗುಡುಗಿನ ರಾತ್ರಿ ಕರೆಂಟ್ ಹೋದಾಗಲೇ.