ದೂರದ ಬೆಲೆ: ರೇಡಿಯೊ ಲೈಸೆನ್ಸಿನಿಂದ ರೀಚಾರ್ಜಿನವರೆಗೆ

ಈಚೆಗೆ ನಮ್ಮ ಕಡೆಯ ಯಾವ ಜಗಲಿಯಲ್ಲಿ ಕುಳಿತರೂ ಅಡಿಕೆ ಧಾರಣೆಯ ಮಾತು ಮುಗಿದೊಡನೆ ಡಿಶ್ಶಿನ ಮತ್ತು ನೆಟ್ಟಿನ ಖರ್ಚಿನ ಮಾತು ಬರುತ್ತದೆ. "ಎಲ್ಲ ದುಬಾರಿಯಾಯಿತು" ಎಂಬ ನಿಟ್ಟುಸಿರಿನಲ್ಲಿ ಅದು ಮುಗಿದೂ ಹೋಗುತ್ತದೆ. ಇಷ್ಟು ವರ್ಷ ಇತಿಹಾಸ ಬೋಧಿಸಿದ ನನಗೆ ಅಷ್ಟರಿಂದ ಸಮಾಧಾನವಾಗದು. ನಾವು ಬೆಲೆ ತೆರುತ್ತಿರುವುದು ಯಾವುದಕ್ಕೆ? ಹಿಂದೆ ಅದನ್ನು ಯಾರು ಹೊರುತ್ತಿದ್ದರು? ಈಗ ಯಾರು ಹೊರುತ್ತಿದ್ದಾರೆ? ಈ ಪ್ರಶ್ನೆಗಳಿಗೆ ನನಗೆ ತೋರಿದ ಉತ್ತರವನ್ನು ಹಳೆಯ ವಿದ್ಯಾರ್ಥಿಗಳ ಮತ್ತು ಬಂಧುಗಳ ಮುಂದಿಡುತ್ತಿದ್ದೇನೆ.

ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳಲ್ಲಿ ಮನೆಗಳು ಬಯಲುಸೀಮೆಯ ಊರುಗಳಂತೆ ಒತ್ತಾಗಿಲ್ಲ. ಕಣಿವೆಯಲ್ಲಿ ತೋಟ, ಅದರ ಮಗ್ಗುಲಿಗೆ ಒಂದೋ ನಾಲ್ಕೋ ಮನೆ, ಸುತ್ತಲೂ ಬೆಟ್ಟ ಮತ್ತು ಕಾಡು. ಆದ್ದರಿಂದ ತಂತಿಯನ್ನು ಅವಲಂಬಿಸಿದ ಯಾವ ಸೌಕರ್ಯಕ್ಕೂ ಇಲ್ಲಿ ದೂರವೇ ಮೊದಲ ಖರ್ಚು.

ಈ ದೂರದ ಪ್ರಶ್ನೆಗೆ ನಮ್ಮ ದೇಶ 1854ರಲ್ಲೇ ಒಂದು ಉತ್ತರ ಕಂಡುಕೊಂಡಿತ್ತು. ಅಲ್ಲಿಯವರೆಗೆ ಮೈಲಿ ಎಣಿಸಿ ವಸೂಲು ಮಾಡುತ್ತಿದ್ದ ಅಂಚೆ ದರವನ್ನು ಆ ವರ್ಷ ಏಕರೂಪಗೊಳಿಸಿ, ಕಾಲು ತೊಲದ ಕಾಗದ ದೇಶದ ಯಾವ ಮೂಲೆಗೆ ಹೋದರೂ ಅರ್ಧ ಆಣೆ ಎಂದು ಗೊತ್ತುಮಾಡಲಾಯಿತು. ಕಾಡಿನ ಮನೆಗೆ ಕಾಗದ ಮುಟ್ಟಿಸುವ ಹೆಚ್ಚುವರಿ ಖರ್ಚನ್ನು ಪೇಟೆಯವನೂ ಹಂಚಿಕೊಂಡನೆಂದೇ ಇದರ ಅರ್ಥ.

ರೇಡಿಯೊ ಕೂಡ ಇದೇ ದಾರಿಯಲ್ಲಿ ನಡೆಯಿತು. 1950ರ ಜನವರಿಯಲ್ಲಿ ಆರಂಭವಾದ ಧಾರವಾಡ ಆಕಾಶವಾಣಿ ನಮ್ಮ ಭಾಗದ ಮನೆಗಳಿಗೆ ವಾರ್ತೆ, ಸಂಗೀತ, ಕೃಷಿಯ ಮಾತುಗಳನ್ನು ತಂದಿತು. ಮನೆಯಲ್ಲಿ ರೇಡಿಯೊ ಇದ್ದವರು ಅಂಚೆ ಕಚೇರಿಗೆ ಹೋಗಿ ವರ್ಷಕ್ಕೊಮ್ಮೆ ಲೈಸೆನ್ಸ್ ಶುಲ್ಕ ಕಟ್ಟಬೇಕಿತ್ತು. ನನಗೆ ನೆನಪಿರುವ ಕಾಲದಲ್ಲಿ ಅದು 15 ರೂಪಾಯಿ; ಟಿ.ವಿ.ಗೆ 50 ರೂಪಾಯಿ. ಚಿಕ್ಕ ಪುಸ್ತಕದಲ್ಲಿ ಮುದ್ರೆ ಒತ್ತಿಸಿಕೊಂಡು ಬಂದರೆ ಮುಂದಿನ ವರ್ಷದವರೆಗೆ ಚಿಂತೆಯಿರಲಿಲ್ಲ. ಆ 15 ರೂಪಾಯಿ ಮೇಷ್ಟರ ಸಂಬಳದಲ್ಲಿ ಸಣ್ಣ ಮೊತ್ತವೇನೂ ಅಲ್ಲ. ಆದರೆ ಅದು ಎಲ್ಲರಿಗೂ ಒಂದೇ ಆಗಿತ್ತು. 1980ರ ದಶಕದ ನಡುವಿನಲ್ಲಿ ಸರ್ಕಾರ ಈ ಲೈಸೆನ್ಸ್ ಪದ್ಧತಿಯನ್ನೇ ಕೈಬಿಟ್ಟಿತು. 1987ರಲ್ಲಿ ರಾಮಾಯಣ ಧಾರಾವಾಹಿ ಬಂದಾಗ ಎತ್ತರದ ಕಂಬಕ್ಕೆ ಆಂಟೆನಾ ಏರಿಸಿ, ಬೂಸ್ಟರ್ ಜೋಡಿಸಿ, ಒಂದು ಮನೆಯ ಟಿ.ವಿ.ಯ ಮುಂದೆ ಇಡೀ ಕೇರಿ ಕುಳಿತು ನೋಡಿದ್ದನ್ನು ನಿಮ್ಮಲ್ಲಿ ಅನೇಕರು ಬಲ್ಲಿರಿ. ತಿಂಗಳ ಬಿಲ್ಲು ಎಂಬುದು ಆಗ ಇರಲೇ ಇಲ್ಲ.

ತಿಂಗಳ ಬಿಲ್ಲು ಬಂದದ್ದು ಕೇಬಲ್ಲಿನೊಡನೆ. 1991ರಲ್ಲಿ ಸ್ಟಾರ್, 1992ರಲ್ಲಿ ಝೀ, 1994ರಲ್ಲಿ ಉದಯ ಟಿ.ವಿ. ಆರಂಭವಾದವು. 1995ರ ಕೇಬಲ್ ಕಾಯಿದೆಯಂತೆ ಕೇಬಲ್ ನಡೆಸುವವರು ಪ್ರಧಾನ ಅಂಚೆ ಕಚೇರಿಯಲ್ಲೇ ನೋಂದಾಯಿಸಿಕೊಳ್ಳಬೇಕಿತ್ತು. ಹಿಂದೆ ಕೇಳುಗನು ನಿಲ್ಲುತ್ತಿದ್ದ ಸಾಲಿನಲ್ಲಿ ಈಗ ವ್ಯಾಪಾರಿ ನಿಂತನು! ಆದರೆ ಅವನ ತಂತಿ ಪೇಟೆಯ ಓಣಿಗಳಲ್ಲಿ ಹರಡಿತೇ ಹೊರತು ತೋಟದ ಮನೆಗಳವರೆಗೆ ಬರಲಿಲ್ಲ. ನೂರು ಮನೆಗಳಿಗೆ ಹಂಚಿಹೋಗುವ ಖರ್ಚು ಎರಡೇ ಮನೆಗಳ ತಲೆಗೆ ಬಿದ್ದರೆ ಯಾರಿಗೂ ಗಿಟ್ಟದು. ಪೇಟೆಯಲ್ಲಿಯೂ ದರ ಏರುತ್ತಲೇ ಇದ್ದುದರಿಂದ 2004ರ ಜನವರಿಯಲ್ಲಿ ಟ್ರಾಯ್ ಸಂಸ್ಥೆ ಕೇಬಲ್ ದರಗಳು 2003ರ ಡಿಸೆಂಬರ್ 26ರಂದು ಇದ್ದ ಮಟ್ಟವನ್ನು ಮೀರಬಾರದೆಂದು ಆದೇಶಿಸಿತು.

ತೋಟದ ಮನೆಗಳ ತೊಡಕನ್ನು ಬಿಡಿಸಿದ್ದು ಡಿಶ್. ಉಪಗ್ರಹಕ್ಕೆ ಶಿರಸಿ ಪೇಟೆಯೂ ಒಂದೇ, ಯಲ್ಲಾಪುರದ ಕಾಡಿನ ಮನೆಯೂ ಒಂದೇ. 2004ರ ಡಿಸೆಂಬರಿನಲ್ಲಿ ದೂರದರ್ಶನವು ತಿಂಗಳ ಶುಲ್ಕವಿಲ್ಲದ ತನ್ನ ಸೇವೆಯನ್ನು ಆರಂಭಿಸಿತು. ಡಿಡಿ ಫ್ರೀ ಡಿಶ್ ಎಂಬ ಹೆಸರಿನಲ್ಲಿ ಅದು ಇಂದಿಗೂ ಇದೆ. ಹೀಗೆ ಟಿ.ವಿ.ಯ ಮಟ್ಟಿಗೆ ದೂರ ಅಳಿಯಿತು. ಉಳಿದದ್ದು ಆಯ್ಕೆಯ ಬೆಲೆ. 2019ರ ಫೆಬ್ರುವರಿ 1ರಿಂದ ಜಾರಿಗೆ ಬಂದ ದರಪದ್ಧತಿಯಲ್ಲಿ 100 ವಾಹಿನಿಗಳ ಜಾಲಶುಲ್ಕ ಗರಿಷ್ಠ 130 ರೂಪಾಯಿ, ಶೇಕಡಾ 18ರ ತೆರಿಗೆ ಸೇರಿ 153 ರೂಪಾಯಿ 40 ಪೈಸೆ. ಅದರ ಮೇಲೆ 19 ರೂಪಾಯಿಯ ಎರಡು ವಾಹಿನಿಗಳನ್ನು ಕೇಳಿದರೆ ಮೊತ್ತ 198 ರೂಪಾಯಿ 24 ಪೈಸೆ. 2024ರ ಜುಲೈಯಲ್ಲಿ ಟ್ರಾಯ್ ಜಾಲಶುಲ್ಕದ ಮೇಲ್ಮಿತಿಯನ್ನೇ ತೆಗೆದುಹಾಕಿತು. ಆದರೂ ಈ ಬಿಲ್ಲನ್ನು ಹಿಗ್ಗಿಸುವುದೂ ಕುಗ್ಗಿಸುವುದೂ ಬಹುಮಟ್ಟಿಗೆ ನಮ್ಮ ಕೈಯಲ್ಲೇ ಇದೆ.

ಇಂಟರ್ನೆಟ್ಟಿನ ಕಥೆ ಬೇರೆ. 1995ರ ಆಗಸ್ಟ್ 15ರಂದು ಅದು ಭಾರತದ ಜನಸಾಮಾನ್ಯರಿಗೆ ತೆರೆದುಕೊಂಡಾಗ ಮಹಾನಗರಗಳಿಗೆ ಮಾತ್ರ ಸೀಮಿತವಾಗಿತ್ತು. 2005ರಲ್ಲಿ ಬಿ.ಎಸ್.ಎನ್.ಎಲ್. ಬ್ರಾಡ್‌ಬ್ಯಾಂಡ್ ಬಂದಿತು. ಆದರೆ ದೂರವಾಣಿ ವಿನಿಮಯ ಕೇಂದ್ರದಿಂದ ನಾಲ್ಕೈದು ಕಿಲೋಮೀಟರು ದಾಟಿದರೆ ತಾಮ್ರದ ತಂತಿಯಲ್ಲಿ ಅದರ ಕಸುವು ಉಳಿಯುತ್ತಿರಲಿಲ್ಲ. ಡಿಶ್ ಅಳಿಸಿದ್ದ ದೂರ ಹೀಗೆ ಮರಳಿ ಬಂದಿತು. 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದು ದರಗಳು ಕುಸಿದಾಗ ಪೇಟೆಯವರು ಹಿಗ್ಗಿದರು. ಸಿಗ್ನಲ್ ಇಲ್ಲದ ಕಣಿವೆಯವನಿಗೆ ಅಗ್ಗವಾದರೇನು, ತುಟ್ಟಿಯಾದರೇನು? 2020ರ ಕೊರೊನಾ ಕಾಲದಲ್ಲಿ ನಮ್ಮ ತಾಲ್ಲೂಕುಗಳ ಮಕ್ಕಳು ಪಾಠ ಕೇಳಲು ಗುಡ್ಡ ಹತ್ತಿದರು.

ಆ ಅಗ್ಗದ ಕಾಲವೂ ಹೆಚ್ಚು ದಿನ ನಿಲ್ಲಲಿಲ್ಲ. ಖಾಸಗಿ ಕಂಪನಿಗಳು 2019, 2021 ಮತ್ತು 2024ರಲ್ಲಿ ದರ ಏರಿಸಿದವು. ದಿನಕ್ಕೆ 2 ಜಿ.ಬಿ. ಕೊಡುವ ಜಿಯೊದ 28 ದಿನಗಳ ಯೋಜನೆ 2024ರ ಜುಲೈಯಲ್ಲಿ 299 ರೂಪಾಯಿಯಿಂದ 349ಕ್ಕೆ ಏರಿತು. ಇಲ್ಲೊಂದು ಲೆಕ್ಕ ಮಾಡಿರಿ. 28 ದಿನವೆಂದರೆ ತಿಂಗಳಲ್ಲ. ವರ್ಷಕ್ಕೆ 12 ಬಾರಿಯಲ್ಲ, 13 ಬಾರಿ ತುಂಬಬೇಕು. 3,887 ರೂಪಾಯಿ ಇದ್ದದ್ದು 4,537 ಆಯಿತು. ವರ್ಷದ ಮೊತ್ತ ಬರೆದಿಡುವ ಹಳೆಯ ರೂಢಿ ತಪ್ಪಿದ್ದರಿಂದ ಈ ಹದಿಮೂರನೆಯ ಕಂತು ನಮ್ಮ ಕಣ್ಣಿಗೆ ಬೀಳುವುದಿಲ್ಲ.

ಆದ್ದರಿಂದ ಈ ಎರಡು ಬಿಲ್ಲುಗಳನ್ನು ಒಂದೇ ತಕ್ಕಡಿಯಲ್ಲಿ ತೂಗಬಾರದೆಂಬುದು ನನ್ನ ಅಭಿಪ್ರಾಯ. ಟಿ.ವಿ.ಯದು ಆಯ್ಕೆಯ ಬೆಲೆ. ಬೇಡವಾದ ಪ್ಯಾಕು ಬಿಟ್ಟರೆ, ಫ್ರೀ ಡಿಶ್‌ನ ಚಂದನದಿಂದ ತೃಪ್ತರಾದರೆ, ನಷ್ಟವೇನಿಲ್ಲ. ಫೋನು ಮತ್ತು ನೆಟ್ಟಿನದು ದೂರದ ಬೆಲೆ. ಮಕ್ಕಳೆಲ್ಲ ಬೆಂಗಳೂರಿಗೋ ಅಮೆರಿಕಕ್ಕೋ ಹೋಗಿ, ವೃದ್ಧ ತಂದೆತಾಯಿಯರು ಮಾತ್ರ ಉಳಿದ ಮನೆಯಲ್ಲಿ ರೀಚಾರ್ಜ್ ಮುಗಿದ ದಿನ ಇಡೀ ಮನೆಯೇ ಮೂಕವಾಗುತ್ತದೆ. ಮಳೆಗಾಲದ ರಾತ್ರಿ ಎದೆನೋವು ಬಂದರೆ ಮಗನಿಗೋ ಆಚೆ ಕೇರಿಯವರಿಗೋ ಕರೆ ಮಾಡಲು ಅದೊಂದೇ ದಾರಿ. ಅಲ್ಲಿ ಉಳಿತಾಯ ಮಾಡಬೇಡಿರಿ. ಆದರೆ ತಿಳಿದು ಖರ್ಚು ಮಾಡಿರಿ. 30 ದಿನಗಳ ಯೋಜನೆಯೊಂದನ್ನಾದರೂ ಕೊಡಬೇಕೆಂದು ಟ್ರಾಯ್ 2022ರಲ್ಲಿ, ಡೇಟಾ ಇಲ್ಲದೆ ಕರೆ ಮತ್ತು ಎಸ್ಸೆಮ್ಮೆಸ್ಸಿನ ಯೋಜನೆಯನ್ನೂ ಕೊಡಬೇಕೆಂದು 2024ರ ಡಿಸೆಂಬರಿನಲ್ಲಿ ನಿಯಮ ಮಾಡಿದೆ. ಕೀಪ್ಯಾಡ್ ಫೋನು ಬಳಸುವ ಹಿರಿಯರಿಗೆ ಡೇಟಾ ತುಂಬಿಸುವ ಅಗತ್ಯವಿಲ್ಲ.

ಇನ್ನೊಂದು ಸಂಗತಿ ಬಹು ಜನಕ್ಕೆ ತಿಳಿಯದು. 1854ರ ಆ ಹಂಚಿಕೆಯ ತತ್ತ್ವ ಪೂರ್ತಿ ಸತ್ತಿಲ್ಲ. ಗ್ರಾಮೀಣ ಭಾಗಕ್ಕೆ ದೂರಸಂಪರ್ಕ ಮುಟ್ಟಿಸಲೆಂದು 2002ರಿಂದ ದೂರಸಂಪರ್ಕ ಕಂಪನಿಗಳ ವರಮಾನದ ಒಂದು ಪಾಲನ್ನು ತೆಗೆದಿರಿಸುವ ನಿಧಿಯೊಂದಿದೆ. ಹೊಸ ದೂರಸಂಪರ್ಕ ಕಾಯಿದೆಯಲ್ಲಿ ಅದರ ಹೆಸರು ಡಿಜಿಟಲ್ ಭಾರತ್ ನಿಧಿ. ಪಂಚಾಯತಿಗಳಿಗೆ ಫೈಬರ್ ಒಯ್ಯುವ, 2011ರಲ್ಲಿ ಒಪ್ಪಿಗೆ ಪಡೆದ ಭಾರತ್‌ನೆಟ್ ಯೋಜನೆಗೆ ಹಣ ಬಂದದ್ದು ಇದರಿಂದಲೇ. ಕಂಪನಿಗಳ ವರಮಾನ ನಮ್ಮ ಬಿಲ್ಲೇ ಆದ್ದರಿಂದ, ದೂರದ ಮನೆಗೆಂದು ನಾವು ಆಗಲೇ ದುಡ್ಡು ಕೊಟ್ಟಿದ್ದೇವೆ. ಪಂಚಾಯತಿ ಕಟ್ಟಡದವರೆಗೆ ಬಂದ ಫೈಬರ್ ಅಲ್ಲಿಂದ ಮುಂದೆ ನಮ್ಮ ಕೇರಿಗೆ ಯಾವಾಗ ಬರುತ್ತದೆಂದು ಗ್ರಾಮಸಭೆಯಲ್ಲಿ ಎದ್ದು ಕೇಳುವವರು ಯಾರ ಉಪಕಾರವನ್ನೂ ಬೇಡುತ್ತಿಲ್ಲ.

ಮುಂದಿನ ಬಾರಿ ಊರಿಗೆ ಬಂದಾಗ ತಂದೆತಾಯಿಯರ ಹತ್ತಿರ ಕುಳಿತು, ವರ್ಷದ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆಯಿರಿ. ಗ್ರಾಮಸಭೆಯ ದಿನಾಂಕವನ್ನೂ ಕೇಳಿಕೊಂಡು ಹೋಗಿರಿ.